ಹದಿಮೂರನೆಯವನು ಸಿಗದ ಕ್ಲಬ್ಬು

ನೈರೋಬಿಯಿಂದ ವಾಪಸ್ಸಾಗಿ ಶಾಲೆಗೆ ಹೋದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದ್ದು ಒಂದೇ ಮಾತು: "ಸಿಂಹ ನೋಡಿದ್ರಾ ಮೇಡಂ?" ಇಲ್ಲ, ನೋಡಲಿಲ್ಲ. ಐದು ವಾರ ಅಲ್ಲಿದ್ದೂ ಸಿಂಹ ನೋಡದೆ ಬಂದವಳು ನಾನೊಬ್ಬಳೇ ಇರಬೇಕು. ಭಾವ ಅಭಯಾರಣ್ಯಕ್ಕೆ ಕರೆದುಕೊಂಡು ಹೋಗುವುದಾಗಿ ಗೊತ್ತುಮಾಡಿದ್ದ ಶನಿವಾರದಂದು ನಾನು ಒಂದು ಶಾಲೆಯ ಮೈದಾನದಲ್ಲಿ ಕೆಸರು ಮೆತ್ತಿದ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. ಭಾವನೂ ಅಲ್ಲೇ ಇದ್ದರು. ಯಾಕೆ ಎಂದು ಹೇಳಲು ಹೊರಟರೆ ಸ್ಟಾಫ್ ರೂಮಿನ ಬಿಡುವಿನ ಹತ್ತು ನಿಮಿಷ ಸಾಲದು. ಅದಕ್ಕೇ ಬರೆಯುತ್ತಿದ್ದೇನೆ.

ಪಾರ್ಕ್‌ಲ್ಯಾಂಡ್ಸ್

2005ರ ಜುಲೈ. ವತ್ಸಲಕ್ಕನ ಮಂಡಿಗೆ ಆಪರೇಷನ್ ಆಗಿತ್ತು. ಅವಳಿಗೆ ಆಸರೆಯಾಗಿರಲು ಗಳಿಕೆ ರಜೆ ಹಾಕಿ ಮದ್ದೂರಿನಿಂದ ಹೊರಟೆ. ಆಫ್ರಿಕಾ ಎಂದರೆ ಸುಡುಬಿಸಿಲು ಎಂದುಕೊಂಡು ತೆಳುವಾದ ಹತ್ತಿ ಸೀರೆಗಳನ್ನೇ ತುಂಬಿಕೊಂಡಿದ್ದೆ. ಇಳಿದರೆ ಚಳಿ! ಬೆಳಿಗ್ಗೆ ಹತ್ತಾದರೂ ಸೂರ್ಯನ ಸುಳಿವಿಲ್ಲ. ಬೂದುಬಣ್ಣದ ಮೋಡ ಊರಿನ ಮೇಲೆ ಕಂಬಳಿ ಹೊದಿಸಿದ ಹಾಗೆ ಮಲಗಿರುತ್ತದೆ. ಅಕ್ಕನ ಎರಡು ಸ್ವೆಟರುಗಳನ್ನು ಒಂದರ ಮೇಲೊಂದು ಹಾಕಿಕೊಂಡೇ ನಾನು ಆಫ್ರಿಕಾದಲ್ಲಿ ತಿರುಗಾಡಿದ್ದು.

ಅಕ್ಕನ ಫ್ಲಾಟಿನ ಕಿಟಕಿಯಿಂದ ಎರಡು ದೇವಸ್ಥಾನದ ಗೋಪುರಗಳು, ಒಂದು ದೊಡ್ಡ ಆಸ್ಪತ್ರೆ ಮತ್ತು ಹಾರ್ನ್ ಬಾರಿಸುತ್ತ ಓಡಾಡುವ ಮಟಾಟುಗಳು ಕಾಣುತ್ತವೆ. ಮಟಾಟು ಎಂದರೆ ನಮ್ಮ ಟೆಂಪೊ ಟ್ರಾವೆಲರಿನ ದಾಯಾದಿ. ಬಾಗಿಲಲ್ಲಿ ನೇತಾಡುವ ಕಂಡಕ್ಟರ್ ಕೂಡ ನಮ್ಮವನೇ ಅನ್ನಿಸುತ್ತಾನೆ. ಕೆಳಗಿನ ಅಂಗಡಿಯಲ್ಲಿ ಗುಜರಾತಿ ಮುದುಕಿಯೊಬ್ಬರು ಕರಿಬೇವು ಮಾರುತ್ತಾ ಸ್ವಾಹಿಲಿಯಲ್ಲಿ ಚೌಕಾಸಿ ಮಾಡುತ್ತಾರೆ.

ಭಾವ, ಅಂದರೆ ಅಕ್ಕನ ಯಜಮಾನರು, ಔಷಧಿ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಮ್ಯಾನೇಜರ್. ಮೈಸೂರಿನವರು, ಇಪ್ಪತ್ತೊಂದು ವರ್ಷದಿಂದ ಇಲ್ಲಿದ್ದಾರೆ. ಮನೆಯ ಉಪ್ಪಿನಕಾಯಿ ಜಾಡಿಗೂ ತಾರೀಖು ಬರೆದ ಚೀಟಿ ಅಂಟಿಸುವ ಮನುಷ್ಯ. ಒಬ್ಬಳೇ ಮಗಳು ನಿಧಿಗೆ ಇಪ್ಪತ್ನಾಲ್ಕು. ಹರ್ಲಿಂಗ್‌ಹ್ಯಾಮಿನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಮೂರು ವರ್ಷದ ಕೂಸಾಗಿ ಇಲ್ಲಿಗೆ ಬಂದವಳು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲಿ. ನಾನಿಲ್ಲಿ ಬರೆದಿರುವ ಅವಳ ಮಾತುಗಳೆಲ್ಲ, ಒಂದನ್ನು ಬಿಟ್ಟು, ಇಂಗ್ಲಿಷಿನಲ್ಲಿ ಆಡಿದವು.

ಅಕ್ಕ ಊರುಗೋಲು ಹಿಡಿದು ಅಡುಗೆಮನೆಯವರೆಗೆ ನಡೆಯತೊಡಗಿದ ಮೇಲೆ ಒಂದು ಶನಿವಾರ ನಿಧಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಚಿಕ್ಕಮ್ಮ, ನೀವು ಪೀಟಿ ಟೀಚರ್ ಅಲ್ವಾ? ನನ್ನ ಜೊತೆ ಒಂದು ಕಡೆ ಬರ್ತೀರಾ?"

"ಎಲ್ಲಿಗೆ?"

"ಅಪ್ಪನಿಗೆ ಅಷ್ಟಾಗಿ ಇಷ್ಟ ಇಲ್ಲದ ಜಾಗಕ್ಕೆ."

ಇಪ್ಪತ್ತಾರು ವರ್ಷ ಸರ್ಕಾರಿ ಹೈಸ್ಕೂಲಿನಲ್ಲಿ ಹುಡುಗಿಯರಿಗೆ ಕಬಡ್ಡಿ ಆಡಿಸಿದವಳು ನಾನು. ಅಪ್ಪಂದಿರಿಗೆ ಇಷ್ಟವಿಲ್ಲದ ಜಾಗಗಳಿಗೆ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ ಅಭ್ಯಾಸವಿತ್ತು. ಸ್ವೆಟರ್ ಹಾಕಿಕೊಂಡು ಹೊರಟೆ.

ಮೊದಲ ಶನಿವಾರ, ಎನ್‌ಗಾಂಗ್ ರಸ್ತೆ

ರಸ್ತೆಯಿಂದ ಒಳಗೆ ತಿರುಗಿದರೆ ಒಂದು ಶಾಲೆ, ಅದರ ಹಿಂದೆ ಮೈದಾನ. ಕೆಂಪು ಮಣ್ಣು, ಅಲ್ಲಲ್ಲಿ ಹುಲ್ಲು, ಒಂದು ಮೂಲೆಯಲ್ಲಿ ನಾಲ್ಕು ಆಡು. ನೀಲಿ ಅಂಗಿ ತೊಟ್ಟ ಹತ್ತು ಹನ್ನೆರಡು ಗಂಡಸರು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುತ್ತಿದ್ದರು. ಅಂಗಿಗಳ ನೀಲಿ ಒಂದರಂತೆ ಇನ್ನೊಂದಿಲ್ಲ. ಕೆಲವು ಗಾಢ, ಕೆಲವು ಹತ್ತು ಸಲ ಒಗೆದ ಪೊಲೀಸ್ ಅಂಗಿಯ ಹಾಗೆ. ನಿಧಿ ಡಿಕ್ಕಿಯಿಂದ ಬ್ಯಾಂಡೇಜು ತುಂಬಿದ ಚೀಲ ಇಳಿಸಿ, ಬೇಲಿ ಪಕ್ಕದ ಬೆಂಚಿನ ಮೇಲೆ ಒಬ್ಬೊಬ್ಬರ ಕಾಲಿಗೂ ಪಟ್ಟಿ ಸುತ್ತಲು ಕುಳಿತಳು. ಕ್ಲಿನಿಕ್ಕಿಗೆ ಬಂದ ಒಬ್ಬ ಆಟಗಾರನಿಂದ ಇವರ ವಿಷಯ ತಿಳಿದು ಆರು ತಿಂಗಳಿಂದ ಪ್ರತಿ ಶನಿವಾರ ಬರುತ್ತಿದ್ದಳಂತೆ.

ದಪ್ಪ ಮೀಸೆಯ, ಸ್ವಲ್ಪ ಕುಂಟುತ್ತಾ ನಡೆಯುವ ವ್ಯಕ್ತಿಯೊಬ್ಬರು ಬಂದು ಕೈಕುಲುಕಿದರು. ಇಲ್ಲಿ ಕೈಕುಲುಕುವುದೆಂದರೆ ಮುಟ್ಟಿ ಬಿಡುವುದಲ್ಲ. ಮಾತು ಮುಗಿಯುವವರೆಗೂ ಕೈ ಅವರ ಕೈಯಲ್ಲೇ ಇರುತ್ತದೆ. ನನಗೋ ಸಂಕೋಚ.

"ನಾನು ಬರಾಸಾ. ಈ ಶಾಲೆಯಲ್ಲಿ ವ್ಯಾಯಾಮದ ಮೇಷ್ಟ್ರು."

"ನಾನೂ ಅದೇ," ಎಂದೆ.

ಅವರ ಮುಖ ಅರಳಿತು. "ಹಾಗಾದ್ರೆ ನೀವು ಮ್ವಾಲಿಮು!" ಮ್ವಾಲಿಮು ಎಂದರೆ ಗುರು. ಅಂದಿನಿಂದ ಆ ಮೈದಾನದಲ್ಲಿ ಸುಮಿತ್ರಾ ಎಂಬ ನನ್ನ ಹೆಸರನ್ನು ಯಾರೂ ಕೇಳಲೇ ಇಲ್ಲ.

ಇದು ರಗ್ಬಿ ಅಲ್ಲವಾ ಎಂದೆ. ರಗ್ಬಿಯೇ, ಆದರೆ ನೈರೋಬಿಯಲ್ಲಿ ಎಲ್ಲರೂ ಆಡುವ ಹದಿನೈದು ಜನರ ರಗ್ಬಿ ಅಲ್ಲ, ಹದಿಮೂರು ಜನರ ರಗ್ಬಿ ಲೀಗ್ ಎಂದರು. ಪಕ್ಕದಲ್ಲಿ ನಿಂತು ವಿವರಿಸಿದರು. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ಕೆಡವುತ್ತಾರೆ. ಬಿದ್ದ ಮೇಲೆ ಕಿತ್ತಾಟವಿಲ್ಲ. ಅವನು ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ಉರುಳಿಸುತ್ತಾನೆ. ಅಷ್ಟರಲ್ಲಿ ಎದುರಾಳಿಗಳು ಹತ್ತು ಮೀಟರ್ ಹಿಂದೆ ಸರಿದಿರಬೇಕು. ಹೀಗೆ ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗಳ ಪಾಲು. ಅಷ್ಟರೊಳಗೆ ಕೊನೆಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ನಾಲ್ಕು ಅಂಕ. ಆಮೇಲೆ ಅದನ್ನು ಕಂಬಗಳ ನಡುವೆ ಒದ್ದರೆ ಇನ್ನೆರಡು.

ನನಗೆ ತಕ್ಷಣ ಹಿಡಿಸಿತು. ಒಬ್ಬ ನುಗ್ಗುತ್ತಾನೆ, ಸಾಲಾಗಿ ನಿಂತವರು ಹಿಡಿಯುತ್ತಾರೆ. ಉಸಿರು ಬಿಗಿಹಿಡಿದು "ಕಬಡ್ಡಿ ಕಬಡ್ಡಿ" ಅನ್ನುವುದೊಂದಿಲ್ಲ, ಅಷ್ಟೆ.

"ನಿಮ್ಮ ಕ್ಲಬ್ಬಿನ ಹೆಸರೇನು?"

"ಕುಮಿ ನಾ ತಾತು. ಹದಿಮೂರು ಅಂತ." ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ಮುತುವಾ ಎಂಬ ಎತ್ತರದ ಬಡಗಿ ಹೇಳಿದ: "ಮ್ವಾಲಿಮು, ಎಣಿಸಿ ನೋಡಿ." ಎಣಿಸಿದೆ. ಹನ್ನೊಂದು ಜನ ಇದ್ದರು.

ಮಾಮಾ ರೂತ್ ಚಹಾ ಕುದಿಸುತ್ತಿದ್ದಾಗ

ಆಟವಾದ ಮೇಲೆ ಬರಾಸಾ ಅವರ ಹೆಂಡತಿ ಚಹಾ ಕೊಡುತ್ತಾರೆ. ಎಲ್ಲರೂ ಅವರನ್ನು ಮಾಮಾ ರೂತ್ ಅನ್ನುತ್ತಾರೆ. ಇಲ್ಲಿ ಮಾಮಾ ಎಂದರೆ ಅಮ್ಮ. ಕಲ್ಲಿನ ಒಲೆ, ದೊಡ್ಡ ಪಾತ್ರೆ, ಹಾಲು ಸಕ್ಕರೆ ಎಲ್ಲ ಒಟ್ಟಿಗೇ ಹಾಕಿ ಕುದಿಸಿದ ಚಹಾ. ಜೊತೆಗೆ ಪದರು ಪದರಾದ ಚಪಾತಿ. "ನಮ್ಮ ಚಪಾತಿ ರುಚಿ ನೋಡಿ, ನಿಮ್ಮ ದೇಶದಲ್ಲಿ ಇದು ಇದೆಯಾ?" ಎಂದು ಅವರು ಕೇಳಿದರು. ನಮ್ಮದರ ಕಥೆ ಹೇಳಬೇಕೆನ್ನಿಸಿತು, ಆದರೆ ಬಾಯಿ ತುಂಬ ಚಪಾತಿ ಇತ್ತು. ಅದೂ ಅಲ್ಲದೆ ಅವರದ್ದೇ ಮೆತ್ತಗಿತ್ತು.

ಕ್ಲಬ್ಬಿನ ಕಥೆ ನಾನು ಕೇಳಿದ್ದು ಆ ಒಲೆಯ ಪಕ್ಕದಲ್ಲಿ ಕುಳಿತು, ಗಂಡ ಹೆಂಡತಿ ಇಬ್ಬರ ಬಾಯಿಂದ, ಒಬ್ಬರು ಬಿಟ್ಟದ್ದನ್ನು ಇನ್ನೊಬ್ಬರು ತುಂಬುತ್ತಿದ್ದ ಹಾಗೆ.

ಬರಾಸಾ ನಾಲ್ಕು ವರ್ಷ ಉತ್ತರ ಇಂಗ್ಲೆಂಡಿನ ಒಂದು ಹಳೆಯ ಗಿರಣಿ ಊರಿನಲ್ಲಿದ್ದರು. ಆಸ್ಪತ್ರೆಯಲ್ಲಿ ರೋಗಿಗಳನ್ನು ಗಾಲಿ ಮಂಚದ ಮೇಲೆ ತಳ್ಳಿಕೊಂಡು ಹೋಗುವ ಕೆಲಸ. ಮಳೆ, ಚಳಿ, ಒಬ್ಬಂಟಿತನ. ಒಂದು ಭಾನುವಾರ ಯಾರೋ ಸಹೋದ್ಯೋಗಿ ಮೈದಾನಕ್ಕೆ ಕರೆದುಕೊಂಡು ಹೋದ. ಅಲ್ಲಿ ಆಡುತ್ತಿದ್ದವರು ಡ್ರೈವರುಗಳು, ಗಾರೆಯವರು, ಬೇಕರಿ ಕೆಲಸದವರು. ನೂರು ವರ್ಷಕ್ಕೂ ಹಿಂದೆ, ಆಟಕ್ಕಾಗಿ ಕೂಲಿ ಕಳೆದುಕೊಳ್ಳಲಾರದ ಕಾರ್ಮಿಕರು ದೊಡ್ಡವರ ರಗ್ಬಿಯಿಂದ ಬೇರೆಯಾಗಿ ಕಟ್ಟಿಕೊಂಡ ಆಟ ಇದು ಎಂದು ಅವರು ಹೇಳಿದರಂತೆ. "ನನ್ನನ್ನ ಯಾವ ಊರು ಅಂತ ಕೇಳೋ ಮೊದಲು ಅವರು ನನ್ನ ಕೈಗೆ ಚೆಂಡು ಕೊಟ್ರು," ಎಂದರು ಬರಾಸಾ.

"ಮಂಡಿನೂ ಅಲ್ಲೇ ಮುರಿಸಿಕೊಂಡು ಬಂದ್ರು," ಎಂದರು ರೂತ್. "ಏರ್‌ಪೋರ್ಟಿನಲ್ಲೇ ನಾನು ಮಾತು ತಗೊಂಡೆ. ಇನ್ನು ಆಡಿಸು, ಆಡಬೇಡ ಅಂತ."

ವಾಪಸ್ಸು ಬಂದು ಎಷ್ಟೋ ವರ್ಷ ಸುಮ್ಮನಿದ್ದವರು ಎರಡು ವರ್ಷದ ಹಿಂದೆ ಚೆಂಡು ಹೊರತೆಗೆದರು. ಮೊದಲ ದಿನ ಬಂದವರು ಐದು ಜನ. ಆಡಿದ್ದು ಬಡಾವಣೆಯ ಖಾಲಿ ಜಾಗದಲ್ಲಿ. ಮೂರು ತಿಂಗಳಿಗೆ ಅಲ್ಲಿ ಅಡಿಪಾಯ ತೋಡಿದರು. ಆಮೇಲೆ ರೈಲು ಹಳಿಯ ಪಕ್ಕ. ಅಲ್ಲಿ ಮುಳ್ಳಿಗೆ ಚೆಂಡು ಸಿಕ್ಕಿ ಹರಿದು, ಚಪ್ಪಲಿ ಹೊಲಿಯುವವನ ಕೈಯಲ್ಲಿ ಹೊಲಿಸಿದ ಮೇಲೆ ಅದು ಒಂದೇ ಕಡೆಗೆ ವಾಲಿ ಹಾರುತ್ತಿತ್ತಂತೆ. ಒಬ್ಬೊಬ್ಬರದು ಒಂದೊಂದು ಬಣ್ಣದ ಅಂಗಿಯಾಗಿ ಯಾರು ಯಾರ ಕಡೆಯವರೆಂದೇ ತಿಳಿಯುತ್ತಿರಲಿಲ್ಲವಾದ್ದರಿಂದ ರೂತ್ ಬಟ್ಟೆ ಒಗೆಯುವ ತೊಟ್ಟಿಯಲ್ಲಿ ನೀಲಿ ಬಣ್ಣ ಕಲಸಿ ಬಿಳಿ ಅಂಗಿಗಳನ್ನೆಲ್ಲ ಅದ್ದಿದರು. ಮೊದಲ ಆಟಕ್ಕೇ ಮಳೆ ಬಂತು. "ಒಂದು ವಾರ ಇವರೆಲ್ಲರ ಎದೆ ನೀಲಿ. ಚರ್ಚಿಗೆ ಬಂದಾಗ ಕತ್ತಿನ ಹತ್ತಿರ ಕಾಣ್ತಿತ್ತು," ಎಂದು ರೂತ್ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಜನ ಸೇರುವುದೇ ಕಷ್ಟವಾಗಿತ್ತು. ಹದಿನೈದರ ರಗ್ಬಿಯ ಕೆಲವರು ಇವರದ್ದನ್ನು ಅರೆಬೆಂದ ಆಟ ಎಂದು ನಕ್ಕರು. ಅಲ್ಲಿ ಆಡುವವನಿಗೆ ನಮ್ಮಲ್ಲಿ ಜಾಗವಿಲ್ಲ ಎಂದೂ ಹೇಳಿದರು. ಹತ್ತು ಜನ ಆಗುವಷ್ಟರಲ್ಲಿ ಇಬ್ಬರು ಬಿಟ್ಟು ಹೋಗುವರು. ಒಬ್ಬೊಬ್ಬರಾಗಿ ಬಂದು ಹೋದವರನ್ನೆಲ್ಲ ಲೆಕ್ಕ ಹಿಡಿದರೆ ಮೂರು ತಂಡವಾಗುತ್ತಿತ್ತು. ಒಂದೇ ದಿನ ಹದಿಮೂರು ಜನ ಮೈದಾನಕ್ಕೆ ಇಳಿದದ್ದು ಮಾತ್ರ ಒಮ್ಮೆಯೂ ಇಲ್ಲ.

"ಈಗ ಇಳಿಯಲೇಬೇಕು," ಎಂದರು ಬರಾಸಾ. ಶನಿವಾರದ ಮೈದಾನವನ್ನು ಫುಟ್ಬಾಲಿನವರೂ ಕೇಳುತ್ತಿದ್ದರು. ಮುಖ್ಯೋಪಾಧ್ಯಾಯಿನಿ ನ್ಯಾಯವಾಗಿಯೇ ಹೇಳಿದ್ದರು: ಇದೇ ತಿಂಗಳ ಕೊನೆಯ ಶನಿವಾರ ಪೂರ್ತಿ ತಂಡ ಕಟ್ಟಿ ಒಂದು ಪೂರ್ತಿ ಪಂದ್ಯ ಆಡಿ ತೋರಿಸಿ, ಇಲ್ಲವಾದರೆ ಆಗಸ್ಟಿನಿಂದ ಜಾಗ ಅವರಿಗೆ. ಹದಿನೈದರ ರಗ್ಬಿ ಆಡುವ ಒಂದು ತಂಡ ತಮಾಷೆ ನೋಡೋಣ ಎಂದು ಎದುರಾಡಲು ಒಪ್ಪಿತ್ತು. ಆಟಗಾರರ ಪಟ್ಟಿಯಲ್ಲಿ ಈಗ ಸರಿಯಾಗಿ ಹದಿಮೂರು ಹೆಸರು. ಒಬ್ಬರೂ ಹೆಚ್ಚಿಲ್ಲ.

ದಾರಿ ತಪ್ಪಿ ಅಪ್ಪರ್ ಹಿಲ್

ಆಮೇಲೆ ನಾನು ಬುಧವಾರದ ಅಭ್ಯಾಸಕ್ಕೂ ಹೋಗತೊಡಗಿದೆ. ಸಾಲಿನಲ್ಲಿ ನಿಂತವರು ಕೈ ಕೈ ಹಿಡಿದು ಸರಪಳಿ ಹಾಕುವುದು ಇಲ್ಲಿ ನಡೆಯದು, ಆದರೆ ಒಬ್ಬರ ಕಣ್ಣು ಇನ್ನೊಬ್ಬರ ಮೇಲಿಟ್ಟು ಒಟ್ಟಿಗೆ ಮುಂದೆ ಬರುವುದು ನಡೆಯುತ್ತದೆ. ಅದನ್ನು ಕಲಿಸಿದೆ. ಬರಾಸಾ ಶಿಷ್ಯನ ಹಾಗೆ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ನನಗೆ ಹೆಮ್ಮೆ ಹೆಚ್ಚಾಗುತ್ತಿತ್ತೆಂದು ಈಗ ಗೊತ್ತಾಗುತ್ತದೆ.

ಪಂದ್ಯಕ್ಕೆ ಮೂರು ದಿನ ಮುಂಚಿನ ಬುಧವಾರ ನಿಧಿಗೆ ಕ್ಲಿನಿಕ್ಕಿನಲ್ಲಿ ಕೆಲಸವಿತ್ತು. ನಾನೊಬ್ಬಳೇ ಧೈರ್ಯ ಮಾಡಿ ಮಟಾಟು ಹತ್ತಿದೆ. ಕಂಡಕ್ಟರ್ ಕೂಗಿದ್ದು ಎನ್‌ಗಾಂಗ್ ಎಂದು ನನ್ನ ಕಿವಿಗೆ ಕೇಳಿತ್ತು. ಇಳಿದದ್ದು ಅಪ್ಪರ್ ಹಿಲ್ಲಿನಲ್ಲಿ. ಸುತ್ತ ಗಾಜಿನ ಆಫೀಸುಗಳು, ಟೈ ಕಟ್ಟಿದವರು, ಎತ್ತರದ ಹಿಮ್ಮಡಿಯ ಹೆಂಗಸರು. ನಡುವೆ ಎರಡು ಸ್ವೆಟರಿನ ನಾನು. ಬ್ಯಾಂಕಿನಿಂದ ಹೊರಬಂದ ಒಬ್ಬಾಕೆಯನ್ನು ಕೇಳಿದೆ.

"ಪೊಲೆ, ಮಾಮಾ. ಪೊಲೆ ಸಾನಾ," ಎಂದಳು. ನನ್ನ ಚೀಲ ತಾನೇ ಹಿಡಿದು, ಸರಿಯಾದ ಮಟಾಟುವಿನವರೆಗೆ ನಡೆದು ಬಂದು ಹತ್ತಿಸಿದಳು.

ಈ 'ಪೊಲೆ' ನನ್ನನ್ನು ಬಹಳ ಕಾಡಿದ ಪದ. ಎಡವಿದರೆ ಪೊಲೆ, ಕೆಮ್ಮಿದರೆ ಪೊಲೆ, ಮಂಡಿ ಆಪರೇಷನ್ ಆದ ಅಕ್ಕನಿಗೆ ಲಿಫ್ಟಿನಲ್ಲಿ ಸಿಕ್ಕವರೆಲ್ಲ ಪೊಲೆ. ತಪ್ಪು ಯಾರದ್ದೇ ಇರಲಿ, ನಿನ್ನ ಕಷ್ಟ ನನಗೂ ತಾಗಿತು ಎಂಬ ಅರ್ಥದಲ್ಲಿ ಹೇಳುತ್ತಾರೆ. ನಮ್ಮ 'ಅಯ್ಯೋ ಪಾಪ' ಕೇಳಿಸಿಕೊಂಡವನನ್ನು ಸ್ವಲ್ಪ ಕೆಳಗಿಡುತ್ತದೆ; ಇದು ಪಕ್ಕದಲ್ಲಿ ಬಂದು ಕೂರುತ್ತದೆ.

ತಡವಾಗಿ ಮೈದಾನ ತಲುಪಿದೆ. ಕತ್ತಲಾಗಲು ಇನ್ನೊಂದು ಗಂಟೆ ಇತ್ತು. ಅಂದು ಪಾದ ಹಿಡಿತ ತೋರಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ನಮ್ಮ ಶಾಲೆಯ ಸಣಕಲು ಹುಡುಗಿಯರು ದೊಡ್ಡ ದೊಡ್ಡ ರೈಡರುಗಳನ್ನು ಉರುಳಿಸುವುದು ಅದರಿಂದಲೇ. ತಗ್ಗಿ, ಎದುರಾಳಿಯ ಕಣಕಾಲು ಹಿಡಿದು, ಮೈಗೆ ಎಳೆದುಕೊಂಡುಬಿಡುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಕೂತು ತೋರಿಸಿದೆ. ಎರಡು ಸಲ ನಿಧಾನವಾಗಿ ಮಾಡಿದರು. ಚೆನ್ನಾಗಿ ಬಂತು.

"ಈಗ ಪೂರ್ತಿ ಓಟದಲ್ಲಿ," ಎಂದೆ ನಾನು. ಬರಾಸಾ ಒಂದು ಕ್ಷಣ ಹಿಂಜರಿದರು. "ಏನೂ ಆಗಲ್ಲ," ಎಂದೆ.

ಮುತುವಾ ಚೆಂಡು ಹಿಡಿದು ಓಡಿ ಬಂದ. ಎದುರಿನವನು ನಾನು ಹೇಳಿದ ಹಾಗೆಯೇ ತಗ್ಗಿ ಪಾದ ಹಿಡಿದ. ಮುತುವಾನ ಮೈ ಮುಂದೆ ಹೋಯಿತು, ಕಾಲು ಬರಲಿಲ್ಲ. ಅವನು ಕಿರುಚಿದ್ದು ರಸ್ತೆಯವರೆಗೆ ಕೇಳಿಸಿರಬೇಕು.

ನನಗೆ ಆಗ ಹೊಳೆಯಿತು. ಕಬಡ್ಡಿಯಲ್ಲಿ ನಮ್ಮದು ಬರಿಗಾಲು. ಎಳೆದರೆ ಮಣ್ಣಿನ ಮೇಲೆ ಜಾರುತ್ತದೆ. ಇವರ ಬೂಟಿನಡಿಯ ಗುಬುಟುಗಳು ಒದ್ದೆ ನೆಲವನ್ನು ಕಚ್ಚಿ ನಿಂತಿರುತ್ತವೆ. ಇಪ್ಪತ್ತಾರು ವರ್ಷದ ಮೇಷ್ಟರಗಿತ್ತಿಗೆ ಇದು ಮೊದಲೇ ತಿಳಿಯಬೇಕಿತ್ತು.

ಎಲ್ಲರೂ ಸುತ್ತ ಸೇರಿ ಮುತುವಾಗೆ ಪೊಲೆ, ಪೊಲೆ ಎಂದರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿ ನನಗೂ ಅದನ್ನೇ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದಕ್ಕೆ ಕಣ್ಣು ತುಂಬಿ ಬಂತು.

ಹರ್ಲಿಂಗ್‌ಹ್ಯಾಮ್

ಬರಾಸಾ ಟ್ಯಾಕ್ಸಿ ಹಿಡಿದು ಅವನನ್ನು ನಿಧಿಯ ಕ್ಲಿನಿಕ್ಕಿಗೆ ಕರೆತಂದರು. ನಾನೂ ಜೊತೆಗೆ ಬಂದೆ. ಮೂಳೆ ಮುರಿದಿಲ್ಲ, ಕಣಕಾಲಿನ ಲಿಗಮೆಂಟು ಹರಿದಿದೆ ಎಂದರು ಡಾಕ್ಟರು. ಆರು ವಾರ ಭಾರ ಹಾಕುವಂತಿಲ್ಲ. ಮುತುವಾ ದಿನವಿಡೀ ನಿಂತು ಕೆಲಸ ಮಾಡುವ ಬಡಗಿ.

"ನಿನ್ನ ಕೆಲಸ?" ಎಂದೆ.

"ಕುರ್ಚಿಗೆ ಪಾಲಿಶ್ ಹಾಕೋದು ಕೂತೇ ಮಾಡಬಹುದು, ಮ್ವಾಲಿಮು. ನೀವು ಅಳಬೇಡಿ," ಎಂದ. "ಶನಿವಾರದ್ದೇ ಯೋಚನೆ."

ಮನೆ ತಲುಪಿದಾಗ ಭಾವ ಊಟದ ಮೇಜಿನಲ್ಲಿ ಕಾಯುತ್ತಿದ್ದರು. ನನ್ನ ಸೀರೆಯ ಕೆಸರು ನೋಡಿದರು. ಮುಚ್ಚಿಡುವುದು ನನ್ನಿಂದಾಗಲಿಲ್ಲ, ಎಲ್ಲ ಹೇಳಿದೆ.

"ಸುಮಿತ್ರಾ, ನೀನಾದ್ರೂ ಬುದ್ಧಿ ಹೇಳ್ತೀಯ ಅಂದುಕೊಂಡಿದ್ದೆ," ಎಂದರು. ಮಗಳ ಕಡೆ ತಿರುಗಿ, "ಕೈಕಾಲು ಮುರ್ಕೊಳೋ ಆಟ. ನಿನ್ನ ಫಿಸಿಯೋಥೆರಪಿ ಓದಿಸಿದ್ದು ಈ ಗ್ರೌಂಡಲ್ಲಿ ಕೂತ್ಕೊಳೋಕಾ?"

"ಮುರ್ಕೊಳೋ ಕಡೆನೇ ಅಲ್ವಾ ಅಪ್ಪ ನಾನು ಬೇಕಾಗಿರೋದು?" ಎಂದಳು ನಿಧಿ, ತಟ್ಟೆಯಿಂದ ಕಣ್ಣೆತ್ತದೆ.

ಅಕ್ಕ ಸಾರಿನ ಪಾತ್ರೆ ಮುಂದೆ ತಳ್ಳಿ, "ಒಂದು ಸಲ ಹೋಗಿ ನೋಡ್ಕೊಂಡು ಬನ್ನಿ. ನೋಡದೆ ಯಾವ ಮಾತ್ರೆನೂ ಪಾಸ್ ಮಾಡಲ್ಲ, ಫೇಲೂ ಮಾಡಲ್ಲ ಅಂತೀರಲ್ಲ," ಎಂದಳು.

ಮಾರನೆಯ ದಿನ ಭಾವ ಫೋನು ಮಾಡಿ ಶನಿವಾರಕ್ಕೆ ಗೊತ್ತುಮಾಡಿದ್ದ ಅಭಯಾರಣ್ಯದ ಗಾಡಿ ಬೇಡವೆಂದರು.

ಕೊನೆಯ ಶನಿವಾರ

ಮೈದಾನಕ್ಕೆ ಸುಣ್ಣದ ಗೆರೆ ಎಳೆದಿದ್ದರು. ಎದುರು ತಂಡದವರು ಹಸಿರು ಅಂಗಿ ತೊಟ್ಟು ಆಗಲೇ ಬಂದಿದ್ದರು. ಎಲ್ಲರೂ ಒಳ್ಳೆಯ ಆಳುಗಳು. ನಮ್ಮ ಕಡೆ ಹನ್ನೆರಡು ಜನ. ಬರಾಸಾ ಮೂರು ದಿನ ಊರೆಲ್ಲ ಅಲೆದಿದ್ದರು. ಇಬ್ಬರು ಬರುತ್ತೇವೆಂದು ಹೇಳಿ ಬಂದಿರಲಿಲ್ಲ.

ಆಗ ಗೇಟಿನಲ್ಲಿ ಮುತುವಾ ಕಾಣಿಸಿಕೊಂಡ. ಕಂಕುಳಲ್ಲಿ ಊರುಗೋಲು, ಮೈಮೇಲೆ ನೀಲಿ ಅಂಗಿ, ಒಂದು ಕಾಲಿಗೆ ಬೂಟು. ಇನ್ನೊಂದು ಬೂಟು ಕೈಯಲ್ಲಿ.

"ನಾನು ಮೂಲೆಯಲ್ಲಿ ನಿಂತಿರ್ತೀನಿ. ಓಡಲ್ಲ, ಮುಟ್ಟಲ್ಲ. ಹೆಡ್‌ಮಿಸ್ ಎಣಿಸಿಕೊಂಡು ಹೋಗೋವರೆಗೆ," ಎಂದ.

ಎಲ್ಲರಿಗೂ ಬೇಕಾಗಿದ್ದ ಮಾತೇ ಅದು. ನನಗೆ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. ಅವನು ನಿಂತುಬಿಟ್ಟರೆ ನನ್ನ ತಪ್ಪು ಅರ್ಧ ಕರಗುತ್ತಿತ್ತು. ನಿಧಿಯ ಹತ್ತಿರ ಹೋಗಿ ಪಿಸುಗುಟ್ಟಿದೆ: "ಐದು ನಿಮಿಷ ನಿಲ್ಲಲಿ ಬಿಡೇ. ಯಾರಿಗೂ ಏನೂ ಆಗಲ್ಲ."

ಅವಳು ನನ್ನ ಕಡೆ ತಿರುಗಿದಳು. "ಇಲ್ಲ ಚಿಕ್ಕಮ್ಮ. ಅವ್ನು ನಿಲ್ಲಬಾರ್ದು. ನಾನು ಬಿಡಲ್ಲ."

ಕನ್ನಡದಲ್ಲಿ. ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ಕನ್ನಡ. ಕಾರಿನ ಪಕ್ಕ ಕೈಕಟ್ಟಿ ನಿಂತಿದ್ದ ಭಾವನಿಗೂ ಕೇಳಿಸಿತು. ಅವರು ಕೈ ಬಿಚ್ಚಿ ಎರಡು ಹೆಜ್ಜೆ ಮುಂದೆ ಬಂದರು. ನಿಧಿ ಬರಾಸಾಗೆ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದಳು: ಚೆಂಡು ಹಾರಿ ಬಂದರೆ ಆಟಗಾರನಾದವನು ತನಗೆ ತಿಳಿಯದೆಯೇ ಓಡುತ್ತಾನೆ, ಓಡಿದರೆ ಆ ಕಾಲು ಮತ್ತೆ ಸರಿಯಾಗುವುದಿಲ್ಲ, ಆಮೇಲೆ ಅವನು ನಿಂತು ಕೆಲಸ ಮಾಡುವುದನ್ನೂ ಮರೆಯಬೇಕು.

ಬರಾಸಾ ಮುತುವಾನ ಕೈಯಿಂದ ಬೂಟು ತೆಗೆದುಕೊಂಡರು. "ಡಾಕ್ಟರಮ್ಮ ಹೇಳಿದ ಮೇಲೆ ಮುಗೀತು. ಇನ್ನೊಂದನ್ನೂ ಬಿಚ್ಚು." ಬೂಟನ್ನು ತಮ್ಮ ಪಾದಕ್ಕೆ ಹಿಡಿದು ಅಳತೆ ನೋಡಿದರು. ಒಲೆಯ ಹತ್ತಿರ ರೂತ್ ಸೌಟು ಕೆಳಗಿಟ್ಟದ್ದು ನನಗೆ ಕಾಣಿಸಿತು.

ಗಂಡನ ಎದುರಿಗೆ ಬಂದು ನಿಂತರು. "ಏರ್‌ಪೋರ್ಟಿನಲ್ಲಿ ಏನಂದಿದ್ದೆ?"

"ನೆನಪಿದೆ."

"ವಯಸ್ಸು?"

"ನಲವತ್ತೇಳು."

ರೂತ್ ಆ ಹನ್ನೆರಡು ಜನರನ್ನು ಒಂದು ಸುತ್ತು ನೋಡಿದರು. ಆಮೇಲೆ ಕೆಳಗೆ ಕೂತು, ಗಂಡನ ಬೂಟಿನ ದಾರ ತಾವೇ ಎಳೆದು ಬಿಗಿಯಾಗಿ ಕಟ್ಟಿದರು. "ಅಂಚಿನಲ್ಲಿರು. ದೊಡ್ಡವರ ಹತ್ತಿರ ಹೋಗಬೇಡ."

ಸೀಟಿ ಊದಬೇಕಿದ್ದ ಬರಾಸಾ ಆಡುವುದಾದರೆ ತೀರ್ಪುಗಾರ ಯಾರು? ಎದುರು ತಂಡದ ಹಿರಿಯರೊಬ್ಬರು ಸೀಟಿ ಹಿಡಿದರು. ಬರಾಸಾ ಬರೆದುಕೊಟ್ಟಿದ್ದ ಎರಡು ಹಾಳೆ ನಿಯಮವನ್ನು ಜೇಬಿನಲ್ಲಿಟ್ಟುಕೊಂಡರು. ಒಂದು ಬದಿಯ ಗೆರೆಗೆ ಅವರ ಕಡೆಯವನೊಬ್ಬ ಬಾವುಟ ಹಿಡಿದ. ಇನ್ನೊಂದು ಬದಿಗೆ ನಮ್ಮಲ್ಲಿ ಯಾರೂ ಇರಲಿಲ್ಲ. ಬರಾಸಾ ಸುತ್ತ ನೋಡಿ ನೇರವಾಗಿ ಭಾವನ ಹತ್ತಿರ ಹೋದರು.

"ಸರ್, ಕಾಲೋ ಚೆಂಡೋ ಈ ಗೆರೆಗೆ ತಾಗಿದರೆ ಬಾವುಟ ಎತ್ತಬೇಕು. ಅಷ್ಟೇ."

"ಗೆರೆ ಮೇಲೆ ಅಂದ್ರೆ ಒಳಗೋ ಹೊರಗೋ?" ಎಂದು ಭಾವ ಕೇಳಿದರು.

"ಹೊರಗೆ."

ಭಾವ ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟರು.

ಆಟ ನಾವು ಹೆದರಿದ್ದ ಹಾಗೆ ಆಗಲಿಲ್ಲ. ಹಸಿರಿನವರು ನಮಗಿಂತ ಬಲಿಷ್ಠರು, ಆದರೆ ಹದಿನೈದರ ಆಟದ ಅಭ್ಯಾಸಬಲದಿಂದ ಬಿದ್ದವನ ಮೇಲೆ ಬಿದ್ದು ಚೆಂಡು ಕಿತ್ತುಕೊಳ್ಳಲು ಹೋಗುವರು, ಸೀಟಿ ಊದಿಸಿಕೊಳ್ಳುವರು. ನಮ್ಮವರು ಸಾಲು ಕೆಡದ ಹಾಗೆ ಒಟ್ಟಿಗೆ ಮುಂದೆ ಬಂದರು. ಅದನ್ನು ನೋಡಿ ನಾನು ಮದ್ದೂರಿನ ಅಂಕಣದ ಪಕ್ಕ ಕೂಗುವ ಹಾಗೆ ಕನ್ನಡದಲ್ಲೇ ಕೂಗುತ್ತಿದ್ದೆ. ಪಕ್ಕದಲ್ಲಿ ಊರುಗೋಲು ಹಿಡಿದ ಮುತುವಾ ನಾನು ಕೂಗಿದ್ದನ್ನೇ, ಅರ್ಥ ಗೊತ್ತಿಲ್ಲದಿದ್ದರೂ, ಇನ್ನೂ ಜೋರಾಗಿ ಕೂಗುತ್ತಿದ್ದ.

ವಿರಾಮದ ಹೊತ್ತಿಗೆ ಮುಖ್ಯೋಪಾಧ್ಯಾಯಿನಿ ಬಂದರು. ಬೂದು ಸೂಟು, ಕೈಯಲ್ಲಿ ಕೊಡೆ. ಬೇಲಿಯ ಹತ್ತಿರ ನಿಂತು ಬೆರಳು ಮಡಿಸುತ್ತಾ ಎಣಿಸಿದ್ದನ್ನು ನಾವೆಲ್ಲ ನೋಡಿದೆವು. ವಾಪಸ್ಸು ಹೋಗದೆ ಅಲ್ಲೇ ನಿಂತರು.

ಕೊನೆಯ ನಿಮಿಷಗಳಲ್ಲಿ ಅವರದು ಇಪ್ಪತ್ತು, ನಮ್ಮದು ಹದಿನೆಂಟು. ನಮಗೆ ಆರನೆಯ ಸರದಿ. ಇದೇ ಕೊನೆಯ ಅವಕಾಶ. ಚೆಂಡು ಕೈಯಿಂದ ಕೈಗೆ ಅಂಚಿನ ಕಡೆ ಬಂತು. ಅಂಚಿನಲ್ಲಿದ್ದದ್ದು ಬರಾಸಾ. ಅವರು ಓಡಿದ್ದು ಓಟವೆನ್ನುವಂತೆಯೇ ಇರಲಿಲ್ಲ. ಒಂದು ಕಾಲು ಎಳೆಯುತ್ತಿತ್ತು. ಆದರೂ ಒಬ್ಬನನ್ನು ತಪ್ಪಿಸಿದರು. ಇನ್ನೊಬ್ಬ ಸೊಂಟಕ್ಕೆ ಜೋತುಬಿದ್ದ. ಅವನನ್ನೂ ಹೊತ್ತುಕೊಂಡು ಮೂಲೆಯ ಬಾವುಟದ ಪಕ್ಕ ಮುಂದಕ್ಕೆ ಬಿದ್ದು ಚೆಂಡನ್ನು ನೆಲಕ್ಕೆ ಒತ್ತಿದರು.

ಮೈದಾನವೇ ಎದ್ದು ಕುಣಿಯಿತು. ರೂತ್ ಸೆರಗಿನಂಥ ತಮ್ಮ ವಸ್ತ್ರವನ್ನು ಗಾಳಿಯಲ್ಲಿ ಬೀಸುತ್ತಿದ್ದರು. ನಾನು ಭಾವನ ಕೋಟನ್ನು ಬೀಸುತ್ತಿದ್ದೆ.

ಆಮೇಲೆ ಒಂದು ಕಡೆಯಿಂದ ಸದ್ದು ನಿಂತಿತು. ಭಾವ ಬಾವುಟ ಎತ್ತಿ ಹಿಡಿದಿದ್ದರು. ನೆಟ್ಟಗೆ, ಅಲುಗದೆ.

"ಅಪ್ಪಾ!" ಎಂದಳು ನಿಧಿ.

ತೀರ್ಪುಗಾರರು ಓಡಿ ಬಂದರು. "ಸರಿಯಾಗಿ ನೋಡಿದ್ರಾ?"

"ನೋಡಿದೆ. ಬೀಳೋ ಮೊದಲು ಎಡಗಾಲು ಗೆರೆ ಮೇಲಿತ್ತು." ಭಾವ ಬಾವುಟ ಇಳಿಸಲಿಲ್ಲ. ನಮ್ಮ ಆಟಗಾರರಲ್ಲಿ ಇಬ್ಬರು ಅವರ ಕಡೆ ನುಗ್ಗಿದರು.

ಬರಾಸಾ ನೆಲದ ಮೇಲೆಯೇ ಎದ್ದು ಕೂತಿದ್ದರು. ಎಡಗಾಲನ್ನು ಮಂಡಿಯ ಮೇಲಿಟ್ಟುಕೊಂಡು ಬೂಟನ್ನು ಓರೆ ಮಾಡಿ ನೋಡಿದರು. ಬೆರಳಿನಿಂದ ಒರೆಸಿ, ಆ ಬೆರಳನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿದರು.

"ಸುಣ್ಣ," ಎಂದರು. "ಅವರು ಸರಿಯಾಗೇ ನೋಡಿದ್ದಾರೆ."

ಇನ್ನೆರಡು ನಿಮಿಷಕ್ಕೆ ಆಟ ಮುಗಿಯಿತು. ಸೋತೆವು. ನಮ್ಮವರು ಇದ್ದಲ್ಲೇ ಹುಲ್ಲಿನ ಮೇಲೆ ಅಡ್ಡಾದರು. ಮುಖ್ಯೋಪಾಧ್ಯಾಯಿನಿ ಕೊಡೆ ಊರುತ್ತಾ ಒಳಗೆ ಬಂದು ಬರಾಸಾಗೆ ಹೇಳಿದರು: "ಆಗಸ್ಟಿನಲ್ಲೂ ನೀವೇ ಆಡಿ. ಆದರೆ ಗೇಟು ಹಾಕಿಕೊಳ್ಳಿ, ಆಡುಗಳು ನನ್ನ ಗುಲಾಬಿ ತಿಂತಿವೆ." ಬರಾಸಾ ಅವರ ಕೈಯನ್ನು ಎಷ್ಟು ಹೊತ್ತು ಹಿಡಿದುಕೊಂಡಿದ್ದರೆಂದರೆ, ಆಕೆ ಕೊನೆಗೆ ಮೆಲ್ಲಗೆ ಬಿಡಿಸಿಕೊಳ್ಳಬೇಕಾಯಿತು.

ಭಾವ ಯಾರ ಹತ್ತಿರವೂ ಹೋಗದೆ ದೂರ ನಿಂತು ಬಾವುಟ ಸುತ್ತುತ್ತಿದ್ದರು. ನಾನು ಕೋಟು ಕೊಡಲು ಹೋದಾಗ ಹಸಿರು ತಂಡದ ನಾಯಕನೂ ಅಲ್ಲಿಗೆ ಬಂದ. ಕಿವಿಯವರೆಗೆ ಕೆಸರು.

"ನೀವು ಅವರ ಕಡೆಯವರಲ್ವಾ?" ಎಂದು ಕೇಳಿದ.

ಭಾವ ಮಗಳು ಕುಳಿತಿದ್ದ ಬೆಂಚಿನ ಕಡೆ ನೋಡಿದರು. "ಹೌದು," ಎಂದರು.

"ಆದರೂ ಬಾವುಟ ಎತ್ತಿದ್ರಿ."

"ಕಾಲು ಗೆರೆ ಮೇಲಿತ್ತಲ್ಲ."

ನಾಯಕ ತಲೆಯಾಡಿಸಿ ನಕ್ಕ. ಬರಾಸಾರನ್ನು ಕೂಗಿ ಕರೆದ. "ಮೇಷ್ಟ್ರೇ, ಬಿದ್ದವನ ಮೇಲೆ ಬೀಳಬಾರದು ಅನ್ನೋದನ್ನ ನಮ್ಮ ಹುಡುಗರಿಗೆ ಸರಿಯಾಗಿ ಕಲಿಸಿ ಕರೆತರ್ತೀನಿ. ಮುಂದಿನ ತಿಂಗಳು ಇನ್ನೊಂದು ಆಡೋಣ. ಒಂದೇ ಷರತ್ತು, ಬಾವುಟ ಇವರ ಕೈಲೇ ಇರಬೇಕು."

ಬರಾಸಾ ಭಾವನ ಮುಖ ನೋಡಿದರು. ಭಾವ ಅಂಗಿಯ ಜೇಬಿನಿಂದ ಸಣ್ಣ ಡೈರಿ ತೆಗೆದು ಹಾಳೆ ತಿರುವಿದರು. "ಎರಡನೇ ಶನಿವಾರ ಫ್ಯಾಕ್ಟರಿಗೆ ತಪಾಸಣೆಯವರು ಬರ್ತಾರೆ," ಎಂದರು. "ಮೂರನೆಯದು ಆಗತ್ತೆ." ಪೆನ್ನು ತೆಗೆದು ಬರೆದುಕೊಂಡರು.

ಬರಾಸಾ ತಿರುಗಿ ಮೈದಾನದ ಕಡೆ ಸ್ವಾಹಿಲಿಯಲ್ಲಿ ಏನೋ ಕೂಗಿದರು. ಹುಲ್ಲಿನ ಮೇಲೆ ಬಿದ್ದಿದ್ದವರು ಒಬ್ಬೊಬ್ಬರಾಗಿ ತಲೆ ಎತ್ತಿದರು, ಎದ್ದು ಕೂತರು, ಆಮೇಲೆ ಎಲ್ಲರೂ ಎದ್ದು ನಿಂತರು.

"ಏನಂದ್ರು ಅವರು?" ಎಂದು ನಿಧಿಯನ್ನು ಕೇಳಿದೆ.

ಅವಳು ಬ್ಯಾಂಡೇಜಿನ ಚೀಲ ಮುಚ್ಚುತ್ತಾ ಹೇಳಿದಳು: "ಬುಧವಾರ ಐದು ಗಂಟೆಗೆ ಪ್ರಾಕ್ಟೀಸ್ ಅಂತೆ."